ನೋವಿಲ್ಲ ಅಂತ ಆರು ತಿಂಗಳು ಸುಮ್ನಿದ್ದೆ

ಮೊದಲು ಕಂಡದ್ದು ಬೇಸಿನ್‌ನಲ್ಲಿ ತೆಳು ಗುಲಾಬಿ ಬಣ್ಣದ ಉಗುಳು. ಹೋದ ವರ್ಷ ಗೌರಿ ಹಬ್ಬದ ಹಿಂದಿನ ವಾರ. ಹೊಲಿಯಬೇಕಾದ ಬ್ಲೌಸುಗಳು ಮೆಷಿನ್ ಪಕ್ಕ ರಾಶಿ ಬಿದ್ದಿದ್ದವು. ರಾತ್ರಿ ಒಂದು ಗಂಟೆಗೆ ಕೆಲಸ ಬಿಟ್ಟು ಹಲ್ಲುಜ್ಜುತ್ತಿದ್ದೆ. ಬ್ರಷ್ ಗಟ್ಟಿ ಇರಬೇಕು ಅಂದುಕೊಂಡು ಮಾರನೇ ದಿನ ಮೆತ್ತನೆಯದು ತಂದೆ. ರಕ್ತ ನಿಲ್ಲಲಿಲ್ಲ. ಆದರೆ ಒಂಚೂರೂ ನೋವಿರಲಿಲ್ಲ. ನೋವೇ ಇಲ್ಲ ಅಂದಮೇಲೆ ಏನಾಗಿರುತ್ತೆ ಅಂತ ಬಿಟ್ಟುಬಿಟ್ಟೆ.

ರಕ್ತ ಬರುತ್ತಿದ್ದದ್ದು ಎಡಗಡೆ ಕೆಳಗೆ, ಕೋರೆಹಲ್ಲಿನ ಹಿಂದಿನ ಹಲ್ಲಿನ ಹತ್ತಿರ. ಅದು ಸ್ವಂತ ಹಲ್ಲಲ್ಲ, 2021ರಲ್ಲಿ ಹಾಕಿಸಿದ ಇಂಪ್ಲಾಂಟ್. ದವಡೆ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಮೂಳೆ ಅದನ್ನು ಹಿಡಿದುಕೊಳ್ಳಲಿ ಅಂತ ನಾಲ್ಕು ತಿಂಗಳು ಕಾದು, ಆಮೇಲೆ ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಹಾಕಿದ್ದರು. ನನ್ನ ಎರಡು ವರ್ಷದ ಚೀಟಿ ದುಡ್ಡು ಅದಕ್ಕೇ ಹೋಗಿತ್ತು.

ದಸರಾ ಕಳೆದ ಮೇಲೆ ಬಾಯಲ್ಲಿ ಒಂಥರಾ ಕೆಟ್ಟ ರುಚಿ ಶುರುವಾಯ್ತು. ಹಲ್ಲುಜ್ಜಿ ಹತ್ತು ನಿಮಿಷಕ್ಕೆ ಮತ್ತೆ ಅದೇ. ಒಂದು ದಿನ ಆ ಸಂದಿಗೆ ಫ್ಲಾಸ್ ದಾರ ಹಾಕಿ ಎಳೆದು ಮೂಗಿನ ಹತ್ತಿರ ಹಿಡಿದೆ. ಹೂದಾನಿಯಲ್ಲಿ ಕೊಳೆತ ನೀರಿನ ವಾಸನೆ. ಬಲಗಡೆಗೆ ಹಾಕಿದ ದಾರದಲ್ಲಿ ಅದು ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿದರೆ, ಆ ಹಲ್ಲಿನ ಸುತ್ತ ಮಾತ್ರ ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಿಂದ ಒತ್ತಿದೆ, ಹಳದಿ ಚುಕ್ಕೆಯೊಂದು ಮೇಲೆ ಬಂತು. ಕೀವು! ಅದನ್ನು ಕಣ್ಣಾರೆ ನೋಡಿಯೂ ಉಪ್ಪುನೀರು ಮುಕ್ಕಳಿಸಿಕೊಂಡು ಮತ್ತೆ ನಾಲ್ಕು ತಿಂಗಳು ತಳ್ಳಿದೆ. ಇವತ್ತಿಗೂ ಅದಕ್ಕೆ ನನಗೆ ತುಂಬಾ ಬೇಜಾರಿದೆ.

ಶಿವರಾತ್ರಿ ಹಿಂದಿನ ದಿನ ಹೆಮ್ಮಿಂಗ್ ಮುಗಿಸಿ ದಾರ ಕಚ್ಚಿದಾಗ ಕ್ಯಾಪ್ ಅಲುಗಿತು. ಮೆಷಿನ್ನಿನಲ್ಲಿ ಸೂಜಿ ಹಿಡಿಯುವ ಸ್ಕ್ರೂ ಸಡಿಲವಾದರೆ ಕೈಗೆ ತಕ್ಷಣ ಗೊತ್ತಾಗುತ್ತೆ. ಹಾಗೇ ನಾಲಿಗೆಗೆ ಗೊತ್ತಾಯ್ತು. ಅವತ್ತೇ ಓಡಿದೆ.

ಡಾಕ್ಟರು ಗೆರೆ ಇರುವ ತೆಳ್ಳನೆ ಕಡ್ಡಿಯನ್ನು ಒಸಡಿನ ಸಂದಿಗೆ ಇಳಿಸಿ ಅಳೆದರು. ಒಂದು ಕಡೆ 7 ಮಿಲಿಮೀಟರ್ ಒಳಗೆ ಹೋಯ್ತು. "ನೋವಿರಲಿಲ್ಲ ಸಾರ್" ಅಂದೆ. "ನೋಯೋದಿಲ್ಲಮ್ಮ, ಅದೇ ಇದರ ತೊಂದರೆ" ಅಂದರು. ನಮ್ಮ ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ನಾರಿನ ತೆಳು ಪದರ ಇರುತ್ತದೆ. ಅದರಲ್ಲಿ ನರಗಳಿವೆ, ಕಲ್ಲು ಕಚ್ಚಿದರೆ ಜುಮ್ ಅನ್ನುವುದು ಅದರಿಂದಲೇ. ಇಂಪ್ಲಾಂಟಿಗೆ ಆ ಪದರವೇ ಇಲ್ಲ, ಮೂಳೆ ನೇರವಾಗಿ ಲೋಹಕ್ಕೆ ಅಂಟಿರುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿಟ್ಟ ಟೈಟಾನಿಯಂ ಮತ್ತೆ ಬಿಡಿಸಲಿಕ್ಕೇ ಬರಲಿಲ್ಲವಂತೆ. 1965ರಲ್ಲಿ ಮನುಷ್ಯರಿಗೆ ಇಂಥ ಹಲ್ಲು ಬಂದದ್ದು ಆ ಹಿಡಿತ ನೋಡಿಯೇ. ಅಂದರೆ ಸೋಂಕಿನಿಂದ ಮೂಳೆ ಕರಗಿದರೆ ಹಲ್ಲನ್ನು ಹಿಡಿಯಲು ಬೇರೇನೂ ಇಲ್ಲ.

ಆಮೇಲೆ ಎರಡು ಎಕ್ಸ್‌ರೇ ಪಕ್ಕಪಕ್ಕ ಇಟ್ಟರು. ಕ್ಯಾಪ್ ಹಾಕಿದ ದಿನದ್ದರಲ್ಲಿ ಮೂಳೆ ಸ್ಕ್ರೂವಿನ ಕುತ್ತಿಗೆವರೆಗೂ ಬೆಳ್ಳಗೆ ಇತ್ತು. ಹೊಸದರಲ್ಲಿ ಸ್ಕ್ರೂವಿನ ಎರಡೂ ಕಡೆ ಕಪ್ಪು ಗುಳಿ. ಮೇಲಿನ ಮೂರು ಸುತ್ತು ಬರಿದಾಗಿ ಕಾಣುತ್ತಿದ್ದವು. ನನ್ನ ಕೈಕಾಲು ತಣ್ಣಗಾದವು.

ಅಲುಗಿದ್ದು ಮೂಳೆಯೊಳಗಿನ ಸ್ಕ್ರೂ ಅಲ್ಲ, ಕ್ಯಾಪ್ ಹಿಡಿಯುವ ಸಣ್ಣ ಸ್ಕ್ರೂ. ಅದು ಬಿಗಿ ಮಾಡಿದರೆ ಸರಿಹೋಗುವಂಥದ್ದು. ಒಳಗಿನದೇ ಅಲುಗಿದ್ದರೆ ಹೆಚ್ಚು ಕಮ್ಮಿ ತೆಗೆಯಲೇಬೇಕಿತ್ತು. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಗೊತ್ತಾಗುವುದಿಲ್ಲ, ದಯವಿಟ್ಟು ಬೆರಳಿಂದ ತಿರುಗಿಸಿ ನೋಡಬೇಡಿ. ಬರೀ ಒಸಡು ಊದಿ ರಕ್ತ ಬರುವ ಹಂತದಲ್ಲೇ ಹೋಗಿದ್ದರೆ ಕ್ಲೀನ್ ಮಾಡಿದರೆ ಸಾಕಾಗುತ್ತಿತ್ತಂತೆ. ನನ್ನದು ಆ ಹಂತ ದಾಟಿತ್ತು. ಕ್ಯಾಪ್ ಬಿಚ್ಚಿ, ಒಸಡು ಬಿಡಿಸಿ, ಸ್ಕ್ರೂವಿನ ಸುತ್ತು ಉಜ್ಜಿ ಹೊಲಿಗೆ ಹಾಕಿದರು. ಹೋದ ಮೂಳೆ ಪೂರ್ತಿ ವಾಪಸ್ ಬರುತ್ತೆ ಅಂತ ಅವರು ಹೇಳಲಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳೋಣ ಅಂದರು.

ಶುಗರ್ ಕೂಡ ನೋಡಿಸಿದರು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ (HbA1c) 8.4% ಬಂತು, ಅಂದರೆ ಹತೋಟಿಯಲ್ಲಿರಲಿಲ್ಲ. ಶುಗರ್ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇಂಪ್ಲಾಂಟ್ ಸುತ್ತ ಈ ಸೋಂಕು ಬರುವ ಸಾಧ್ಯತೆ ಹೆಚ್ಚು.

ನಮ್ಮಕ್ಕ ಈಗ ಇಂಪ್ಲಾಂಟ್ ಹಾಕಿಸಿಕೊಳ್ಳಲು ಹೊರಟಿದ್ದಾಳೆ. ಅವಳಿಗೋಸ್ಕರ ಡಾಕ್ಟರನ್ನು ಕೇಳಿಕೊಂಡು ಬಂದೆ. ಹಾಕಿದ ಮೇಲೆ ಎರಡು ಮೂರು ದಿನ ಊತ ಏರುವುದು ಸಹಜ, ಆಮೇಲೆ ಇಳಿಯಬೇಕು. ಇಳಿಯುವ ಬದಲು ಜಾಸ್ತಿಯಾದರೆ ಕಾಯಬಾರದು. ಕೆಳದವಡೆಗೆ ಹಾಕಿಸಿದವರಿಗೆ ಮರಗಟ್ಟುವ ಇಂಜೆಕ್ಷನ್ ಇಳಿದ ಮೇಲೂ ತುಟಿ, ಗದ್ದ ಜೋಮು ಹಿಡಿದೇ ಇದ್ದರೆ ಅವತ್ತೇ ಫೋನ್ ಮಾಡಬೇಕು, ನರಕ್ಕೆ ಒತ್ತಿರಬಹುದು. ಮೇಲ್ದವಡೆಯಾದರೆ ಕುಡಿದ ನೀರು ಮೂಗಿಗೆ ಬರುವುದು, ಒಂದೇ ಹೊಳ್ಳೆ ಸೋರುವುದು ಕಂಡರೂ ಫೋನ್ ಮಾಡಬೇಕು. ಜ್ವರ ಬಂದು, ಊತ ಕುತ್ತಿಗೆಗೆ ಇಳಿದು, ನುಂಗಲು ಕಷ್ಟವಾದರೆ ನೇರ ಆಸ್ಪತ್ರೆಗೇ. ಇನ್ನೊಂದು ಮಾತು ನಾನೇ ಹೇಳಿದೆ: ಕ್ಯಾಪ್ ಹಾಕಿದ ದಿನದ ಎಕ್ಸ್‌ರೇ ಕೇಳಿ ಇಸ್ಕೊಂಡು ಇಟ್ಟುಕೋ. ಹೋಲಿಸಲು ಅದಿಲ್ಲದಿದ್ದರೆ ಎಷ್ಟು ಮೂಳೆ ಹೋಗಿದೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಈಗ ಮೆಷಿನ್ನಿಗೆ ಪುಟ್ಟ ಕತ್ತರಿಯೊಂದನ್ನು ಕಟ್ಟಿಕೊಂಡಿದ್ದೇನೆ, ದಾರ ಕಚ್ಚುವುದಿಲ್ಲ. ರಾತ್ರಿ ಸಂದಿ ಉಜ್ಜುವ ಸಣ್ಣ ಬ್ರಷ್ ಆಡಿಸಿ, ಅದನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡುತ್ತೇನೆ, ಮೂಸುತ್ತೇನೆ. ಎರಡು ತಿಂಗಳಿಂದ ರಕ್ತ ಇಲ್ಲ. ಮುಂದಿನ ಎಕ್ಸ್‌ರೇ ಆಷಾಢದಲ್ಲಿ. ಆಗ ಮದುವೆ ಬ್ಲೌಸುಗಳು ಇರುವುದಿಲ್ಲ, ಒಂದು ದಿನ ಬಾಗಿಲು ಹಾಕಿ ಹೋಗಿಬರಬಹುದು.