ಇಷ್ಟೊಂದು ಅಕ್ಷರಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತೀರಾ?

ಅಮೆರಿಕದ ಕ್ಷಿಪಣಿ ರಕ್ಷಣೆ ಬಗ್ಗೆ ನಾನು ಆಗಾಗ ಬರೆಯುತ್ತಿರುತ್ತೇನೆ. ಓದಿದವರು ಕ್ಷಿಪಣಿಯ ಬಗ್ಗೆ ಕೇಳುವುದು ಕಡಿಮೆ. "ಈ ಜಿಎಂಡಿ, ಇಕೆವಿ, ಎಂಡ್ಯಾಪ್, ಎಲ್‌ರಿಪ್ ಎಲ್ಲಾ ಹೇಗೆ ತಲೆಯಲ್ಲಿ ಇಟ್ಕೊಂಡಿದೀರಾ? ಬಾಯಿಪಾಠ ಮಾಡಿದ್ರಾ?" ಅಂತಲೇ ಹೆಚ್ಚಿನವರು ಕೇಳುತ್ತಾರೆ. ಪ್ರತಿಸಲ ಎರಡು ಸಾಲಿನ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಕೂತು ಬರೆದಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಬಾಯಿಪಾಠ ಮಾಡಿಲ್ಲ. ಮಾಡಲು ಹೋಗಿದ್ದು ನಿಜ. ಶುರುವಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಎಡಗಡೆ ಅಕ್ಷರ, ಬಲಗಡೆ ವಿಸ್ತರಣೆ ಬರೆಯುತ್ತಾ ಹೋದೆ. ಎಂಡಿಎ ಅಂದರೆ ಮಿಸೈಲ್ ಡಿಫೆನ್ಸ್ ಏಜೆನ್ಸಿ. ಸರಿ, ಬರೆದುಕೊಂಡೆ. ಆಮೇಲೊಂದು ದಿನ ಯುದ್ಧನೌಕೆ ಖರೀದಿಯ ವರದಿ ಓದುತ್ತಿದ್ದೆ. ಅದರಲ್ಲಿ ಪುಟಕ್ಕೊಂದು ಸಲ ಎಂಡಿಎ ಅನುಮತಿ, ಎಂಡಿಎ ಒಪ್ಪಿಗೆ. ಕ್ಷಿಪಣಿ ತಡೆಯುವವರು ಹಡಗಿನ ವಿಷಯದಲ್ಲಿ ಯಾಕೆ ತಲೆ ಹಾಕುತ್ತಾರೆ? ಇವರ ಅಧಿಕಾರ ಎಷ್ಟು ಬೆಳೆದುಬಿಟ್ಟಿದೆ ಅಂತ ಬೆರಗಾಗಿ ಅರ್ಧ ವರದಿ ಮುಗಿಸಿದ್ದೆ. ಆಮೇಲೆ ಗೊತ್ತಾಯಿತು, ಅಲ್ಲಿನ ಎಂಡಿಎ ಬೇರೆ. ಅದು ಮೈಲ್‌ಸ್ಟೋನ್ ಡಿಸಿಷನ್ ಅಥಾರಿಟಿ. ಖರೀದಿಯ ದಾರಿಯಲ್ಲಿ ಒಂದೊಂದು ಮೈಲಿಗಲ್ಲಿನ ಹತ್ತಿರ ನಿಂತು "ಮುಂದೆ ಹೋಗಿ" ಅಥವಾ "ಇಲ್ಲೇ ನಿಲ್ಲಿ" ಅನ್ನುವ ಅಧಿಕಾರಿ. ಎರಡೂ ಎಂಡಿಎಗಳು ಒಂದೇ ಇಲಾಖೆಯಲ್ಲಿವೆ. ಒಂದೇ ವರದಿಯಲ್ಲಿ ಎರಡೂ ಬರುವುದುಂಟು.

ಆ ನೋಟ್‌ಬುಕ್ಕನ್ನು ಅವತ್ತೇ ಮೂಲೆಗೆ ಹಾಕಿದೆ. ಆಗಿನಿಂದ ವಿಸ್ತರಣೆ ಏನು ಅಂತ ಮೊದಲು ಕೇಳುವುದಿಲ್ಲ. ಇದು ಯಾವ ದಾರಿಯಲ್ಲಿ ನಿಂತಿದೆ ಅಂತ ಕೇಳುತ್ತೇನೆ. ಯಾಕೆಂದರೆ ಇಲ್ಲಿ ಇರುವುದು ಎರಡೇ ದಾರಿ. ಒಂದು ಕ್ಷಿಪಣಿ ಹಾರಿ ಬರುವ ದಾರಿ, ಅದು ಅರ್ಧ ಗಂಟೆಯದ್ದು. ಇನ್ನೊಂದು ದುಡ್ಡು ಹೋಗುವ ದಾರಿ, ಅದು ಎಷ್ಟೋ ಸಲ ಇಪ್ಪತ್ತು ವರ್ಷದ್ದು.

ಮೊದಲು ಅರ್ಧ ಗಂಟೆಯ ದಾರಿ ನೋಡೋಣ. 5,500 ಕಿಲೋಮೀಟರಿಗಿಂತ ದೂರ ಹೋಗುವ ಕ್ಷಿಪಣಿಗೆ ಐಸಿಬಿಎಂ ಅನ್ನುತ್ತಾರೆ. ಅದರ ಎಂಜಿನ್ ಉರಿಯುವುದು ಮೊದಲ ಮೂರರಿಂದ ಐದು ನಿಮಿಷ ಮಾತ್ರ. ಅದು ಬೂಸ್ಟ್ ಹಂತ. ಆಮೇಲೆ ಸುಮಾರು 20 ನಿಮಿಷ ಬಾಹ್ಯಾಕಾಶದಲ್ಲಿ, ಎಸೆದ ಕಲ್ಲಿನ ಹಾಗೆ ತನ್ನ ಪಾಡಿಗೆ ಹೋಗುತ್ತದೆ. ಇದು ಮಿಡ್‌ಕೋರ್ಸ್. ಕೊನೆಗೆ ಸಿಡಿತಲೆ ವಾತಾವರಣಕ್ಕೆ ನುಗ್ಗಿ ಬೀಳುವುದು ಟರ್ಮಿನಲ್, ಅಲ್ಲಿ ಲೆಕ್ಕ ನಿಮಿಷದಲ್ಲಲ್ಲ, ಸೆಕೆಂಡಿನಲ್ಲಿ. ಈಗ ಜಿಎಂಡಿ ನೋಡಿ. ಗ್ರೌಂಡ್-ಬೇಸ್ಡ್ ಮಿಡ್‌ಕೋರ್ಸ್ ಡಿಫೆನ್ಸ್. ನಡುವಿನ 'ಎಂ' ಅದರ ವಿಳಾಸ ಹೇಳಿಬಿಟ್ಟಿತು. ಆ 20 ನಿಮಿಷದಲ್ಲಿ ಕೆಲಸ ಮಾಡುವ, ನೆಲದಿಂದ ಹಾರುವ ವ್ಯವಸ್ಥೆ. ಅದರ 44 ಕ್ಷಿಪಣಿಗಳಲ್ಲಿ 40 ಅಲಾಸ್ಕಾದ ಫೋರ್ಟ್ ಗ್ರೀಲಿಯಲ್ಲಿ, 4 ಕ್ಯಾಲಿಫೋರ್ನಿಯಾದ ವಾಂಡನ್‌ಬರ್ಗ್‌ನಲ್ಲಿ. ಥಾಡ್ ಅಂತ ಇನ್ನೊಂದು ಕ್ಷಿಪಣಿ ತಡೆಯುವ ವ್ಯವಸ್ಥೆ ಇದೆ, ಅದರ ಮೊದಲ ಅಕ್ಷರ ಟರ್ಮಿನಲ್. ಅದು ಬಾಗಿಲ ಹತ್ತಿರದ ಕಾವಲು.

ದಾರಿಯಲ್ಲಿ ಜಾಗ ಗೊತ್ತಾದ ಮೇಲೆ ಇನ್ನೊಂದು ಸಣ್ಣ ಪ್ರಶ್ನೆ: ಇದು ನೋಡುವುದಾ, ಯೋಚಿಸುವುದಾ, ಹೊಡೆಯುವುದಾ?

ನೋಡುವವುಗಳ ಹೆಸರು ನನಗೆ ಬಹಳ ಇಷ್ಟ. ಎಎನ್/ಟಿಪಿವೈ-2 ಅಂತ ಒಂದು ರೇಡಾರ್ ಇದೆ, ಥಾಡ್ ಜೊತೆಗಿರುವುದು. ಟೈಪ್ ಮಾಡುವವರು ಕೀಬೋರ್ಡ್ ಮೇಲೆ ಮುಗ್ಗರಿಸಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅದರಲ್ಲಿ ಒಂದಕ್ಷರವೂ ಸುಮ್ನೆ ಇಲ್ಲ. ಎಎನ್ ಅಂದರೆ ಆರ್ಮಿ-ನೇವಿ, ಎರಡೂ ಸೇರಿ ಹೆಸರಿಡುವ ಪದ್ಧತಿ ಶುರು ಮಾಡಿದ ಕಾಲದ ಗುರುತು. 'ಟಿ' ಅಂದರೆ ನೆಲದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದಾದದ್ದು. 'ಪಿ' ಅಂದರೆ ರೇಡಾರ್. 'ಆರ್' ಯಾಕಲ್ಲ ಅಂದರೆ ಅದನ್ನು ರೇಡಿಯೊಗೆ ಕೊಟ್ಟಾಗಿತ್ತು. 'ವೈ' ಅಂದರೆ ಕಣ್ಗಾವಲು ಮತ್ತು ನಿಯಂತ್ರಣ ಎರಡೂ ಮಾಡುವಂಥದ್ದು. 2 ಅಂದರೆ ಆ ಬಗೆಯಲ್ಲಿ ಎರಡನೆಯದು. ಇಷ್ಟು ಗೊತ್ತಾದರೆ ಕ್ಷಿಪಣಿ ತಡೆಯುವ ಏಜಿಸ್ ಯುದ್ಧನೌಕೆಗಳ ಮೇಲಿರುವ ಎಎನ್/ಎಸ್‌ಪಿವೈ-1 ಏನು ಅಂತ ನೀವೇ ಹೇಳಬಹುದು. 'ಎಸ್' ಅಂದರೆ ನೀರಿನ ಮೇಲಿನ ಹಡಗು, ಉಳಿದದ್ದು ಅದೇ. ಬಾಯಲ್ಲಿ ಇದನ್ನು "ಸ್ಪೈ-ಒನ್" ಅನ್ನುತ್ತಾರೆ. ಗೂಢಚಾರಿಕೆಗೂ ಅದಕ್ಕೂ ಸಂಬಂಧ ಇಲ್ಲ.

ಯೋಚಿಸುವುದರ ಹೆಸರು ಸಿ2ಬಿಎಂಸಿ, "ಸಿ-ಟೂ-ಬಿಎಂಸಿ". ಎಲ್ಲಾ ರೇಡಾರ್‌ಗಳು ಕಂಡದ್ದನ್ನು ಒಂದೇ ಚಿತ್ರವಾಗಿ ಜೋಡಿಸುವ ಜಾಲ. ಅಷ್ಟು ಸಾಕು.

ಹೊಡೆಯುವುದಕ್ಕೆ ಬಂದರೆ ಎರಡಕ್ಷರ ಹಿಡಿದುಕೊಳ್ಳಿ: ಕೆವಿ, ಅಂದರೆ ಕಿಲ್ ವೆಹಿಕಲ್. ಹೆಸರು ಭಯಂಕರ, ಆದರೆ ಒಳಗೆ ಬಾಂಬ್ ಇರುವುದಿಲ್ಲ. ಜಿಎಂಡಿಯ ಇಕೆವಿ ಸುಮಾರು 64 ಕೆಜಿ ತೂಕದ ಒಂದು ವಸ್ತು. ಶತ್ರುವಿನ ಸಿಡಿತಲೆಯ ದಾರಿಗೆ ಹೋಗಿ ನೇರ ಡಿಕ್ಕಿ ಹೊಡೆಯುವುದೇ ಅದರ ಕೆಲಸ. ಇದಕ್ಕೆ ಹಿಟ್-ಟು-ಕಿಲ್ ಅನ್ನುತ್ತಾರೆ. ಇಕೆವಿಯ 'ಇ' ವಾತಾವರಣದ ಹೊರಗೆ ಅಂತ. ಆಮೇಲೆ ಈ ಮನೆತನದಲ್ಲಿ ಬೇರೆ ಹೆಸರುಗಳು ಹುಟ್ಟಿದವು. ಒಂದೇ ರಾಕೆಟ್ಟಿನಲ್ಲಿ ಹಲವು ಕೆವಿ ಕೂರಿಸುವ ಯೋಜನೆ ಎಂಕೆವಿ, 2009ರಲ್ಲಿ ರದ್ದು. ಹೊಸದಾಗಿ ವಿನ್ಯಾಸ ಮಾಡಿದ ಆರ್‌ಕೆವಿ, 2019ರಲ್ಲಿ ರದ್ದು. ಈಗ ಇಡೀ ಕ್ಷಿಪಣಿಯನ್ನೇ ಬದಲಿಸುವ ಎನ್‌ಜಿಐ ನಡೆಯುತ್ತಿದೆ. ಮೊದಲ ಅಕ್ಷರ ಎಷ್ಟು ಸಲ ಬದಲಾದರೂ ಕೊನೆಯಲ್ಲಿ ಕೆವಿ ಕಂಡರೆ ಇದು ಡಿಕ್ಕಿ ಹೊಡೆಯುವ ತುದಿ ಅಂತ ತಿಳಿದುಕೊಳ್ಳಿ. ಬಾಯಿಪಾಠಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪರೀಕ್ಷೆಗಳ ಹೆಸರೂ ಹೀಗೇ ಬಿಡಿಸಿಕೊಳ್ಳುತ್ತದೆ. ಎಫ್‌ಟಿ ಅಂದರೆ ಫ್ಲೈಟ್ ಟೆಸ್ಟ್. ಎಫ್‌ಟಿಜಿ ಅಂದರೆ ನೆಲದ ಜಿಎಂಡಿಯದ್ದು, ಎಫ್‌ಟಿಟಿ ಥಾಡ್‌ನದ್ದು, ಎಫ್‌ಟಿಎಂ ಹಡಗಿನ ಸ್ಟ್ಯಾಂಡರ್ಡ್ ಮಿಸೈಲ್‌ದು. 2017ರ ಮೇ 30ರಂದು ಜಿಎಂಡಿ ಮೊದಲ ಸಲ ಐಸಿಬಿಎಂ ವೇಗದ ಗುರಿಯನ್ನು ಹೊಡೆದದ್ದು ಎಫ್‌ಟಿಜಿ-15ರಲ್ಲಿ.

ಇಲ್ಲಿ ಕನ್ನಡದಲ್ಲಿ ಬರೆಯುವವರ ಒಂದು ಪೇಚಾಟ ಹೇಳಲೇಬೇಕು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಇದೆ. ಓದುವವರಿಗೆ ಇದು ಸಂಕ್ಷೇಪ ಅಂತ ಕಣ್ಣಿಗೇ ಹೊಡೆಯುತ್ತದೆ. ಬಾಯಲ್ಲಿ ಹೇಗೆ ಅನ್ನುತ್ತಾರೆ ಅಂತ ಗೊತ್ತಿಲ್ಲದಿದ್ದರೂ ಬರೆದು ಪಾರಾಗಬಹುದು. ನಮ್ಮಲ್ಲಿ ಆ ಸೌಲಭ್ಯ ಇಲ್ಲ. ಕನ್ನಡದಲ್ಲಿ ಬರೆಯುವುದೆಂದರೆ ಉಚ್ಚರಿಸಿದ ಹಾಗೆಯೇ. ಇಕೆವಿಯನ್ನು ಅಕ್ಷರ ಬಿಡಿಸಿ ಹೇಳುತ್ತಾರೆ, ಥಾಡ್ ಅನ್ನು ಒಂದೇ ಮಾತಾಗಿ ಹೇಳುತ್ತಾರೆ. ಎಂಡಿಎಪಿ ಅಂತ ಬರೆದರೆ ಆ ಕಚೇರಿಗಳಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, "ಎಂಡ್ಯಾಪ್" ಅನ್ನುತ್ತಾರೆ. ಎಲ್ಆರ್‌ಐಪಿ "ಎಲ್‌ರಿಪ್". ಆಯುಧಕ್ಕೆ ಏನೇನು ಬೇಕು ಅಂತ 2025ರವರೆಗೆ ಪಟ್ಟಿ ಮಾಡುತ್ತಿದ್ದ ಪದ್ಧತಿ "ಜೇಸಿಡ್ಸ್". ಹಾಗಾಗಿ ಒಂದೊಂದನ್ನೂ ಬರೆಯುವ ಮೊದಲು ಸಂಸತ್ತಿನ ವಿಚಾರಣೆಯ ಧ್ವನಿಮುದ್ರಣ ಹಾಕಿಕೊಂಡು ಕೇಳುತ್ತೇನೆ. ನೆನಪಿನಲ್ಲಿ ಉಳಿಯುವುದಕ್ಕೆ ನಿಜವಾದ ಕಾರಣ ಬಹುಶಃ ಇದೇ.

ಇನ್ನು ದುಡ್ಡಿನ ದಾರಿ. ಹೆಚ್ಚಿನವರು ಇಲ್ಲಿಗೆ ಬಂದ ಕೂಡಲೇ ಓದುವುದು ನಿಲ್ಲಿಸುತ್ತಾರೆ. ನನಗೆ ಮಾತ್ರ ಕ್ಷಿಪಣಿಗಿಂತ ಇದೇ ರುಚಿ.

ದಾರಿಯಲ್ಲಿ ಮೂರು ಮೈಲಿಗಲ್ಲು: ಎ, ಬಿ, ಸಿ. ಎ ದಾಟಿದರೆ ತಂತ್ರಜ್ಞಾನ ಮಾಗಿಸುವ ಕೆಲಸ. ಬಿ ದಾಟಿದರೆ ನಿಜವಾದ ವಿನ್ಯಾಸ. ಸಿ ದಾಟಿದರೆ ತಯಾರಿಕೆ. ಸಿ ಆದ ಕೂಡಲೇ ರಾಶಿಗಟ್ಟಲೆ ಮಾಡುವುದಿಲ್ಲ, ಮೊದಲು ಸ್ವಲ್ಪವೇ ಮಾಡಿ ನೋಡುತ್ತಾರೆ. ಅದೇ ಎಲ್‌ರಿಪ್. ಮೊದಲ ದೋಸೆ ಕಾವಲಿಗೆ ಅಂಟುವುದು ಇವರಿಗೂ ಗೊತ್ತು. ಎಂಡ್ಯಾಪ್ ಅಂದರೆ ಬಹಳ ದೊಡ್ಡ ಮೊತ್ತದ ಯೋಜನೆ. ಆ ಹಣೆಪಟ್ಟಿ ಬಿತ್ತೆಂದರೆ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಕೆಲಸ ಶುರು.

ದುಡ್ಡಿಗೆ ಬಣ್ಣವೂ ಇದೆ. ಆಡುಮಾತಲ್ಲೇ ಅವರು ಹಣದ ಬಣ್ಣ ಅನ್ನುತ್ತಾರೆ. ಸಂಶೋಧನೆಯ ಹಣ ಎರಡು ವರ್ಷದೊಳಗೆ ಗುತ್ತಿಗೆಗೆ ಕಟ್ಟಬೇಕು, ಖರೀದಿಯ ಹಣಕ್ಕೆ ಮೂರು ವರ್ಷ, ದಿನನಿತ್ಯದ ನಿರ್ವಹಣೆಯ ಹಣಕ್ಕೆ ಒಂದೇ ವರ್ಷ, ಕಟ್ಟಡದ ಹಣಕ್ಕೆ ಐದು. ಒಂದು ಬಣ್ಣದ ಹಣವನ್ನು ಇನ್ನೊಂದಕ್ಕೆ ಸುರಿಯುವ ಹಾಗಿಲ್ಲ. ಆರ್‌ಡಿಟಿ&ಇ ಅಂತ ಕಂಡರೆ ಸಂಶೋಧನೆಯ ಬಣ್ಣ, ಓ&ಎಂ ಅಂತ ಕಂಡರೆ ನಿರ್ವಹಣೆಯ ಬಣ್ಣ. ಈ ಅಕ್ಷರಗಳ ವಿಸ್ತರಣೆ ಮರೆತರೂ ನಷ್ಟ ಇಲ್ಲ. ಬಣ್ಣ ಮರೆತರೆ ವರದಿ ಅರ್ಥವಾಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. 2002ರಲ್ಲಿ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಮಿಸೈಲ್ ಡಿಫೆನ್ಸ್ ಏಜೆನ್ಸಿಯನ್ನು ಮಾಮೂಲಿ ದಾರಿಯಿಂದ ಹೊರಗಿಟ್ಟರು. ಬೇಗ ಆಗಲಿ ಅಂತ ಜೇಸಿಡ್ಸ್ ಥರದ ಪಟ್ಟಿ ಬೇಡ, ಮೈಲಿಗಲ್ಲುಗಳ ಕಟ್ಟುಪಾಡೂ ಬೇಡ ಅಂದರು. ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ 2004ರ ಜುಲೈನಲ್ಲಿ ಫೋರ್ಟ್ ಗ್ರೀಲಿಯ ಗುಂಡಿಗೆ ಮೊದಲ ಕ್ಷಿಪಣಿ ಇಳಿಯಿತು. ಅವನ್ನು ಕೊಂಡದ್ದು ಸಂಶೋಧನೆಯ ಬಣ್ಣದ ಹಣದಲ್ಲಿ. ಅಂದರೆ ದೇಶ ಕಾಯಲು ನಿಲ್ಲಿಸಿದ ಆಯುಧ ಲೆಕ್ಕಪುಸ್ತಕದಲ್ಲಿ ಇನ್ನೂ ಪ್ರಯೋಗ. ಬೇಗ ಆಯಿತು, ನಿಜ. ಆದರೆ ಆ ಮೈಲಿಗಲ್ಲುಗಳ ಹತ್ತಿರ ಯಾರಾದರೂ ನಿಂತು "ಸ್ವಲ್ಪ ತಡೀರಿ" ಅಂದಿದ್ದರೆ ಮುಂದೆ ಆರ್‌ಕೆವಿಯಂಥದ್ದರ ಅಗತ್ಯವೇ ಇಷ್ಟು ಬೇಗ ಬೀಳುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಒಂದು ಎಂಡಿಎಗೆ ಇನ್ನೊಂದು ಎಂಡಿಎಯ ಕಾವಲು ಸಡಿಲವಾಗಿದ್ದ ಕಥೆ ಇದು. ಎರಡೂ ದಾರಿ ಕೂಡುವ ಜಾಗ ಇದೇ.

ದುಡ್ಡಿನ ದಾರಿಯಲ್ಲಿ ಸಂಕ್ಷೇಪವೇ ಅಲ್ಲದ ಒಂದು ಮಾತು ಎಲ್ಲರನ್ನೂ ಹೆದರಿಸುತ್ತದೆ: ನನ್-ಮೆಕರ್ಡಿ. ಸ್ಯಾಮ್ ನನ್ ಮತ್ತು ಡೇವ್ ಮೆಕರ್ಡಿ ಎಂಬ ಇಬ್ಬರು ಶಾಸಕರ ಹೆಸರು. 1980ರ ದಶಕದ ಕಾನೂನು. ಒಂದು ಘಟಕದ ವೆಚ್ಚ ಈಗಿನ ಅಂದಾಜಿಗಿಂತ ಶೇಕಡ 25, ಅಥವಾ ಮೊಟ್ಟಮೊದಲ ಅಂದಾಜಿಗಿಂತ ಶೇಕಡ 50 ಏರಿತೆಂದರೆ ಯೋಜನೆ ರದ್ದು ಎಂದೇ ಲೆಕ್ಕ. ಬೇಕೇ ಬೇಕು ಅಂತ ರಕ್ಷಣಾ ಕಾರ್ಯದರ್ಶಿ ಬರೆದುಕೊಟ್ಟರೆ ಮಾತ್ರ ಉಳಿಯುತ್ತದೆ. 2024ರಲ್ಲಿ ಸೆಂಟಿನೆಲ್ ಎಂಬ ಹೊಸ ಐಸಿಬಿಎಂ ಯೋಜನೆಗೆ ಹೀಗಾಯಿತು. ಅಂದಾಜು ಶೇಕಡ 81 ಏರಿ ಸುಮಾರು 141 ಶತಕೋಟಿ ಡಾಲರ್ ಮುಟ್ಟಿತು. ಯೋಜನೆ ಉಳಿಯಿತು, ಆದರೆ ದಾಟಿ ಬಂದಿದ್ದ ಬಿ ಮೈಲಿಗಲ್ಲನ್ನು ವಾಪಸ್ ಕಿತ್ತುಕೊಂಡರು.

ವಿಸ್ತರಣೆಯನ್ನೇ ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅದು ಬದಲಾಗುತ್ತಿರುತ್ತದೆ. ಥಾಡ್‌ನ 'ಟಿ' ಮೊದಲು ಥಿಯೇಟರ್ ಆಗಿತ್ತು, ಅಂದರೆ ಯುದ್ಧರಂಗ. ಆಮೇಲೆ ಟರ್ಮಿನಲ್ ಮಾಡಿದರು. ಅಕ್ಷರಗಳು ಅವೇ, ಹಾಗಾಗಿ ಬೋರ್ಡಿಗೆ ಹೊಸದಾಗಿ ಬಣ್ಣ ಬಳಿಯುವ ಖರ್ಚೂ ಉಳಿಯಿತು. ಈ ಯೋಜನೆಗಳ ಲೆಕ್ಕ ತಪಾಸಣೆ ಮಾಡುವ ಜಿಎಒ ಕೂಡ 2004ರಲ್ಲಿ ಇದನ್ನೇ ಮಾಡಿತು. ಜನರಲ್ ಅಕೌಂಟಿಂಗ್ ಆಫೀಸ್ ಇದ್ದದ್ದು ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ ಆಯಿತು. ಕ್ಷಿಪಣಿ ರಕ್ಷಣೆಯ ಸಂಸ್ಥೆಯದ್ದು ಇನ್ನೂ ದೊಡ್ಡ ಕಥೆ. ಕ್ಷಿಪಣಿ ತಡೆಯುವ ದಾರಿ ಹುಡುಕಬೇಕು ಅಂತ ಅಧ್ಯಕ್ಷ ರೇಗನ್ 1983ರ ಮಾರ್ಚ್ 23ರಂದು ಭಾಷಣ ಮಾಡಿದರು. ಅದಕ್ಕಾಗಿ 1984ರಲ್ಲಿ ಎಸ್‌ಡಿಐಒ ಎಂಬ ಸಂಸ್ಥೆ ಹುಟ್ಟಿತು. ಶೀತಲ ಸಮರ ಮುಗಿದ ಮೇಲೆ 1993ರಲ್ಲಿ ಅದು ಬಿಎಂಡಿಒ ಆಯಿತು. 2002ರಲ್ಲಿ ಎಂಡಿಎ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕ, ಕ್ಷಿಪಣಿ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ 1972ರ ಎಬಿಎಂ ಒಪ್ಪಂದದಿಂದ ಹೊರಬಂದಿತು. ಹೆಸರು ಬದಲಾದಾಗಲೆಲ್ಲ ಹಿಂದೆ ಒಂದು ರಾಜಕೀಯ ಇರುತ್ತದೆ. 2010ರ ನೀತಿ ಪತ್ರದ ಹೆಸರಲ್ಲಿ ಬ್ಯಾಲಿಸ್ಟಿಕ್ ಎಂಬ ಪದ ಇತ್ತು, 2019ರ ಪತ್ರದಲ್ಲಿ ಅದು ಮಾಯ. ಒಂದು ಪದ ಬಿದ್ದುಹೋದದ್ದಕ್ಕೆ ಕ್ರೂಸ್ ಮತ್ತು ಹೈಪರ್‌ಸಾನಿಕ್ ಕ್ಷಿಪಣಿಗಳೂ ಈ ಲೆಕ್ಕದೊಳಗೆ ಬಂದವು.

ಮೊನ್ನೆ ಒಬ್ಬರು ಕೇಳಿದರು, "ಗೋಲ್ಡನ್ ಡೋಮ್ ವಿಸ್ತರಣೆ ಏನು ಸಾರ್?" ಅದು ಅಮೆರಿಕದ ಹೊಸ ಕ್ಷಿಪಣಿ ರಕ್ಷಣಾ ಯೋಜನೆ, ಅದಕ್ಕೆ ವಿಸ್ತರಣೆ ಇಲ್ಲ. 2025ರ ಜನವರಿಯ ಆದೇಶದಲ್ಲಿ ಅದರ ಹೆಸರು ಐರನ್ ಡೋಮ್ ಅಂತ ಇತ್ತು, ಆಮೇಲೆ ಚಿನ್ನದ್ದಾಯಿತು. ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ 175 ಶತಕೋಟಿ ಡಾಲರ್ ಅಂದರು. ಕೊನೆಗೂ ಅಕ್ಷರಗಳಿಲ್ಲದ, ಎರಡು ಸಾದಾ ಪದಗಳ ಹೆಸರು ಬಂತಲ್ಲ ಅಂತ ನನಗೂ ಖುಷಿಯಾಗಿತ್ತು. ಆಮೇಲೆ ಅದನ್ನು ನಡೆಸುವ ಜನರಲ್ ಮೈಕಲ್ ಗೆಟ್‌ಲೈನ್ ಅವರ ಹುದ್ದೆ ಏನು ಅಂತ ನೋಡಿದೆ. ಡಿಆರ್‌ಪಿಎಂ ಅಂತೆ.