ಹೊಲ ಮಾಡುವವರು ಒಬ್ಬರು, ಪಹಣಿಯಲ್ಲಿ ಇನ್ನೊಬ್ಬರು

ಪಿಎಂ ಕಿಸಾನ್ ಕಂತು ಬಿಟ್ಟ ದಿನ ನಮ್ಮ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ ನಮ್ಮದು. ಬಂದವರೆಲ್ಲ ಆಧಾರ್ ಕಾರ್ಡ್ ಮುಂದಿಟ್ಟು, "ಬಂದೈತಾ ನೋಡಪ್ಪ" ಅನ್ನುತ್ತಾರೆ. ವರ್ಷಕ್ಕೆ 6,000 ರೂಪಾಯಿ, ಕಂತಿಗೆ 2,000. ಪೇಟೆಯವರಿಗೆ ಇದು ಚಿಲ್ಲರೆ ಅನ್ನಿಸಬಹುದು. ಮಳೆ ನಂಬಿ ಶೇಂಗಾ ಹಾಕುವವರಿಗೆ ಅದು ಬೀಜದ ದುಡ್ಡು, ಟ್ರ್ಯಾಕ್ಟರ್ ಬಾಡಿಗೆ.

ಇ-ಕೆವೈಸಿ, ಅಂದರೆ ಹೆಬ್ಬೆಟ್ಟು ಒತ್ತಿ ಗುರುತು ಖಚಿತಪಡಿಸುವ ತೊಂದರೆ ಹೇಗೋ ಬಗೆಹರಿಯುತ್ತದೆ. ಕಳೆ ಕಿತ್ತು ಕಿತ್ತು ಹೆಬ್ಬೆಟ್ಟಿನ ಗೆರೆ ಸವೆದ ಅಜ್ಜಿಯರಿಗೆ ಈಗ ಆ್ಯಪಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ನನಗೆ ಹೊಟ್ಟೆ ಉರಿಯುವುದು ಪಹಣಿಯ, ಅಂದರೆ ಜಮೀನಿನ ದಾಖಲೆಯ ವಿಷಯಕ್ಕೆ.

ನಮ್ಮ ಚಿಕ್ಕಮ್ಮನನ್ನೇ ನೋಡಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಮೂರು ಎಕರೆ ಒಬ್ಬರೇ ಮಾಡುತ್ತಿದ್ದಾರೆ. ಪಹಣಿ ಇನ್ನೂ ನಮ್ಮ ತಾತನ ಹೆಸರಲ್ಲೇ ಇದೆ. ತಾತ ಹೋಗಿ ಎಷ್ಟೋ ಕಾಲವಾಯಿತು. ಚಿಕ್ಕಮ್ಮನ ಹೆಸರಿಗೆ ಜಮೀನಿಲ್ಲ, ಹಾಗಾಗಿ ಆ ಹೊಲಕ್ಕೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್ ಇಲ್ಲ. ಐಡಿ ಇಲ್ಲದಿದ್ದರೆ ಕಿಸಾನ್ ದುಡ್ಡೂ ಇಲ್ಲ, ಬೆಳೆ ಪರಿಹಾರವೂ ಇಲ್ಲ.

2023ರ ಬರದಲ್ಲಿ ಇದು ಜಾಸ್ತಿ ಚುಚ್ಚಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ 2 ಹೆಕ್ಟೇರಿಗೆ. ಮೊದಲು 2,000ದವರೆಗೆ ರಾಜ್ಯ ಕೊಟ್ಟಿತು, ಬಾಕಿ ಆಮೇಲೆ ಬಂತು. ಬದುವಿನ ಆಚೆಯವರ ಮೊಬೈಲಿಗೆ ಮೆಸೇಜ್ ಬಂತು. ಈಚೆ ಅದೇ ಶೇಂಗಾ, ಕಾಯಿ ಕಟ್ಟದೆ ಒಣಗಿದ್ದು ಅದೇ ವಾರ. ಚಿಕ್ಕಮ್ಮನಿಗೆ ಬಿಡಿಗಾಸೂ ಇಲ್ಲ.

ಕೋರಿಗೆ, ಅಂದರೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುವವರ ಪಾಡು ಇನ್ನೂ ಕಷ್ಟ. ಬೀಜ, ಗೊಬ್ಬರ, ಸಾಲ ಎಲ್ಲ ಅವರದ್ದು. ಪರಿಹಾರ ಮಾತ್ರ ಜಮೀನಿನ ಮಾಲೀಕರ ಖಾತೆಗೆ. ನಮ್ಮಲ್ಲಿ ಭೂ ಸುಧಾರಣೆ ಕಾನೂನು ಕೃಷಿ ಜಮೀನು ಗೇಣಿಗೆ ಕೊಡುವುದನ್ನೇ ಒಪ್ಪುವುದಿಲ್ಲ. ಹಾಗಾಗಿ ಎಲ್ಲ ಬಾಯಿಮಾತು, ಕಾಗದ ಯಾರೂ ಮಾಡಿಕೊಡುವುದಿಲ್ಲ. ಅರ್ಧ ಪರಿಹಾರ ತಂದು ಕೈಗಿಟ್ಟ ಮಾಲೀಕರನ್ನೂ ಕಂಡಿದ್ದೇನೆ. ಆದರೆ ಒಬ್ಬರ ಒಳ್ಳೆತನದ ಮೇಲೆ ಇನ್ನೊಬ್ಬರ ಊಟ ನಿಲ್ಲಬಾರದು, ಅಲ್ವಾ? ಬೆಳೆ ಸಮೀಕ್ಷೆಗೆ ಪ್ರತಿ ಸರ್ವೆ ನಂಬರಿಗೂ ಹೋಗಿ ಬೆಳೆಯ ಫೋಟೊ ತೆಗೆಯುತ್ತಾರೆ. ಅಲ್ಲೇ ನಿಂತು ಬೇಸಾಯ ಮಾಡುತ್ತಿರುವವರ ಹೆಸರನ್ನೂ ಬರೆದುಕೊಳ್ಳಲಿ. ಮಾಲೀಕರ ಹಕ್ಕಿಗೆ ಧಕ್ಕೆಯಾಗದಂತೆ ಕಾನೂನು ತಿದ್ದಿ, ಪರಿಹಾರ ಬೇಸಾಯ ಮಾಡುವವರಿಗೆ ಕೊಡಲಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಪಹಣಿ ತೆಗೆಸಿ, ಯಾರ ಹೆಸರಿದೆ ನೋಡಿ. ತೀರಿಹೋದವರ ಹೆಸರಿದ್ದರೆ ಮರಣ ಪ್ರಮಾಣ ಪತ್ರ, ವಂಶವೃಕ್ಷ ಮಾಡಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಕೊಡಿ. ಅಣ್ಣತಮ್ಮಂದಿರು ಮಾತಾಡದಿದ್ದರೂ ಸರಿ, ಮೊದಲು ಜಂಟಿ ಖಾತೆಯಾದರೂ ಆಗಲಿ. ಮನೆಯಲ್ಲಿ ಗಂಡ ಕಳೆದುಕೊಂಡ ಹೆಣ್ಣುಮಕ್ಕಳಿದ್ದರೆ ಅವರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಚಿಕ್ಕಮ್ಮನ ಅರ್ಜಿ ಕೊಟ್ಟಾಗಿದೆ, ಈಗ ದೊಡ್ಡಪ್ಪನ ಸಹಿ ಒಂದು ಬಾಕಿ ಇದೆ.