ಹೊಟ್ಟಿನ ಶೆಡ್ಡಿನ ಡುಕ್ಕರ್

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನನ್ನದೊಂದು ಡ್ರಿಪ್ ಪೈಪಿನ ಅಂಗಡಿ ಇದೆ. ನಿಂಬೆ ತೋಟದವರೇ ನನ್ನ ಗಿರಾಕಿಗಳು. ರವಿವಾರ ಯಾರಾದರೂ ಫೋನ್ ಮಾಡಿದರೆ "ಇಲಿ ಪೈಪ್ ಕಡದಾವ, ಬರ್ರಿ" ಅನ್ನೋದೇ ಜಾಸ್ತಿ. ಹೋದ ತಿಂಗಳು ನನ್ನ ಸೋದರಮಾವ ಫೋನ್ ಮಾಡಿದಾಗಲೂ ಹಾಗೇ ಅಂದುಕೊಂಡೆ. ಆದರೆ ಮಾಮಾಗೆ ಬೇಕಿದ್ದದ್ದು ಪೈಪ್ ಅಲ್ಲ, ಆಳು. ಹೊಸ ಟ್ರಾಕ್ಟರ್ ಬರೋದಿತ್ತು. ಅದನ್ನ ನೆರಳಲ್ಲಿ ನಿಲ್ಲಿಸೋಕೆ ಹಳೆಯ ಹೊಟ್ಟಿನ ಶೆಡ್ಡು ಖಾಲಿ ಮಾಡಬೇಕಿತ್ತು.

"ಇಬ್ಬರು ಹುಡುಗರನ್ನ ಕರಕೊಂಡು ಬಾರೋ ಅಳಿಯಾ. ಕಣಕಿ, ಹೊಟ್ಟು, ಮುರದ ಕೂರಗಿ... ಒಳಗ ಏನೇನೈತಿ ನನಗೂ ಗೊತ್ತಿಲ್ಲ."

ಕೊನೆಯ ಮಾತು ಸುಳ್ಳು. ಅದು ನನಗೆ ತಿಳಿದಿದ್ದು ಸಂಜೆಗೆ.

ಊರು ಇಂಡಿಯಿಂದ ಝಳಕಿ ಕಡೆಗೆ ಹೋಗುವಾಗ ಒಳಗೆ ಸಿಗುತ್ತದೆ. ಹೆಸರು ಹಾಕಬ್ಯಾಡ ಅಂತ ಮಾಮಾ ಹೇಳಿದ್ದಾರೆ. ಶೆಡ್ಡು ಮನೆಯ ಹಿಂದೆ, ಮೂರು ಕಡೆ ಕಲ್ಲು-ಮಣ್ಣಿನ ಗೋಡೆ, ಮೇಲೆ ಪತ್ರಾಸು. ಸಣ್ಣವನಿದ್ದಾಗ ರಜೆಗೆ ಬಂದರೆ ಅದರೊಳಗೆ ಹೋಗೋಕೆ ಬಿಡುತ್ತಿರಲಿಲ್ಲ. ಹಾವು ಅದಾವ ಅನ್ನುತ್ತಿದ್ದರು. ಹಾವು ಇದ್ದದ್ದೂ ಖರೆ, ಪೊರೆ ಸಿಕ್ಕಿತು. ಆದರೆ ನಮ್ಮನ್ನ ತಡೆದದ್ದು ಹಾವಿಗಾಗಿ ಅಲ್ಲ ಅಂತ ಈಗ ಅನಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಟ್ಟು ಹೊರಗೆ ಬಂತು. ಮೈತುಂಬ ತುರಿಕೆ, ಮೂಗಿನ ತುಂಬ ಧೂಳು. ಆಗ ಒಬ್ಬ ಹುಡುಗ "ಅಣ್ಣಾ, ಇಲ್ಲಿ ಯಾರೋ ನೋಡಾಕತ್ತಾರ" ಅಂದ. ಕಣಕಿಯ ಸಂದಿಯಿಂದ ಒಂದು ದುಂಡನೆಯ ಗಾಜಿನ ಕಣ್ಣು ಕಾಣುತ್ತಿತ್ತು. ಹೆಡ್‌ಲೈಟು.

ಇನ್ನೊಂದು ತಾಸು ಬೇಕಾಯಿತು. ಗೋಣಿಚೀಲ ಬಿಚ್ಚಿ, ಜೋಡಿಸಿ, ದಬ್ಬಣದಿಂದ ಹೊಲಿದ ದೊಡ್ಡ ಹೊದಿಕೆ. ಅದರ ಮೇಲೆ ಪ್ಲಾಸ್ಟಿಕ್ ಚೀಲಗಳ ಇನ್ನೊಂದು ಪದರ. ಅದನ್ನ ಎಳೆದಾಗ ಒಳಗಿಂದ ಎರಡು ಕೋಳಿ ಕಿರುಚುತ್ತ ಹೊರಗೆ ಹಾರಿದವು. ಧೂಳು ಇಳಿದ ಮೇಲೆ ನೋಡಿದರೆ, ಕಾರು. ಗಿಡ್ಡ, ದುಂಡು, ಮುಂದೆ ಒಂದು ಉಬ್ಬಿದ ಮೂತಿ. ನನಗೆ ಟ್ರಾಕ್ಟರು ಗೊತ್ತು, ಮೋಟರ್ ಪಂಪು ಗೊತ್ತು, ಹಳೆ ಕಾರು ಗೊತ್ತಿಲ್ಲ. ಫೋಟೊ ತೆಗೆದು ವಿಜಯಪುರದ ನಮ್ಮ ಮಿಸ್ತ್ರಿ ಚಾಚಾಗೆ ವಾಟ್ಸಾಪ್ ಮಾಡಿದೆ. ಎರಡು ನಿಮಿಷಕ್ಕೆ ಫೋನ್ ಬಂತು. ಎಪ್ಪತ್ತು ದಾಟಿದ ಮನುಷ್ಯ, ಸಣ್ಣ ಹುಡುಗನ ಹಂಗೆ ಚೀರಿದರು. "ಡುಕ್ಕರ್ ಎಲ್ಲಿ ಸಿಕ್ತೋ ನಿನಗ?"

ಡುಕ್ಕರ್ ಅಂದರೆ ಮರಾಠಿಯಲ್ಲಿ ಹಂದಿ. ಮೂತಿ ನೋಡಿ ಜನ ಇಟ್ಟ ಹೆಸರು. ಕಂಪನಿ ಇಟ್ಟ ಹೆಸರು ಫಿಯಟ್ 1100. ಇಟಲಿಯಲ್ಲಿ 1953ರಲ್ಲಿ ಬಂದ ಗಾಡಿ. ಇಲ್ಲಿ ಅದನ್ನ ಮಾಡಿದ್ದು ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. ನಾಲ್ಕು ಸಿಲಿಂಡರು, 1089 ಸಿಸಿ. ಗೇರಿನ ಕೋಲು ಸ್ಟೇರಿಂಗ್ ಪಕ್ಕದಲ್ಲೇ. ಇದೇ ವಂಶದ ಮೊಮ್ಮಗಳು ಪ್ರೀಮಿಯರ್ ಪದ್ಮಿನಿ, ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ. ಆ ಟ್ಯಾಕ್ಸಿ ಕೂಡ 2023ರಲ್ಲಿ ರಸ್ತೆಯಿಂದ ಹೋಯಿತು.

ಚಾಚಾ ಇನ್ನೊಂದು ಮಾತು ಹೇಳಿದರು. ಪ್ರೀಮಿಯರ್ ಶುರು ಮಾಡಿದ ವಾಲಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಅಂದರೆ ನಮ್ಮ ಪಕ್ಕದ ಊರಿನವರೇ ಅನ್ನಿ. 1944ರಲ್ಲಿ ಕಾರಿನ ಕಂಪನಿ. ಅದಕ್ಕೂ ಮೊದಲು 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ, ಈಗಿನ ಎಚ್‌ಎಎಲ್. ನಮ್ಮ ಕಡೆಯವರು ಸೊಲ್ಲಾಪುರ ಅಂದರೆ ಚಾದರ ಅಂತಾರೆ, ಅಷ್ಟಕ್ಕೇ ನಿಲ್ಲಿಸ್ತಾರೆ.

ನಂಬರ್ ಪ್ಲೇಟು ಒದ್ದೆ ಬಟ್ಟೆಯಿಂದ ಒರೆಸಿದೆ. ಕಪ್ಪು ತಗಡಿನ ಮೇಲೆ ಕೈಯಿಂದ ಬರೆದ ಬಿಳಿ ಅಕ್ಷರ. ಮೊದಲ ಎರಡು ಇಂಗ್ಲಿಷ್ ಅಕ್ಷರ ಎಂ ಮತ್ತು ವೈ. ಅಂದರೆ ಮೈಸೂರು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಈ ನಂಬರು ಬಿದ್ದದ್ದು ಆಮೇಲೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಈ ಗಾಡಿಗೆ ಆ ಸುದ್ದಿ ಮುಟ್ಟಿಯೇ ಇಲ್ಲ.

ಬಾಗಿಲು ತೆಗೆಯೋಕೆ ಹೋದೆ. ಎಳೆದೆ, ಬರಲಿಲ್ಲ. ನನ್ನ ಲೆಕ್ಕ ತಪ್ಪಿತ್ತು. ಮುಂದಿನ ಬಾಗಿಲಿನ ಕೀಲು ಹಿಂದೆ ಇದೆ, ಹಿಡಿಕೆ ಮುಂದೆ ಇದೆ. ಹಿಂದಿನ ಬಾಗಿಲಿನ ಕೀಲೂ ಅದೇ ನಡುವಿನ ಕಂಬಕ್ಕೇ ಇದೆ, ತೆಗೆದರೆ ಎರಡೂ ಬೆನ್ನಿಗೆ ಬೆನ್ನು ಕೊಟ್ಟ ಹಂಗೆ ನಿಲ್ಲುತ್ತವೆ. ಒಳಗೆ ಹಿಂದಿನ ಸೀಟಿನ ಮೇಲೆ ಕೋಳಿ ಗೂಡು, ನಾಲ್ಕು ಮೊಟ್ಟೆ. ಒಂದು ಬೆಚ್ಚಗಿತ್ತು. ಸೀಟಿನ ತೆಂಗಿನ ನಾರು ಎಲ್ಲ ಇಲಿಗಳು ಎಳೆದು ಹಾಕಿದ್ದವು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ವೈರೂ ಉಳಿದಿಲ್ಲ. ಪೈಪಾದರೂ ಅಷ್ಟೇ, ವೈರಾದರೂ ಅಷ್ಟೇ, ನಮ್ಮ ಇಲಿಗಳಿಗೆ ಬೇಧಭಾವ ಇಲ್ಲ. ಮೀಟರಿನ ಅಂಕಿ 41,306ಕ್ಕೆ ನಿಂತಿತ್ತು. ಗಾಜಿನ ಒಳಗಿನ ಮೂಲೆಯಲ್ಲಿ ಒಣಗಿದ ಕುಂಕುಮದ ಬೊಟ್ಟು.

ನಮ್ಮ ಕಡೆ ಮಳೆ ಕಡಿಮೆ. ಬೈದುಕೊಳ್ಳುವ ವಿಷಯ, ಆದರೆ ಕಾರಿಗೆ ಅದೇ ಆಯುಷ್ಯ ಕೊಟ್ಟಿದೆ. ಮೇಲಿನ ತಗಡು, ಬಾನೆಟ್ಟು ಗಟ್ಟಿ ಇವೆ. ಕರಾವಳಿಯಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಬರೇ ಗಾಜು ಉಳಿದಿರುತ್ತಿತ್ತು. ಹೊಟ್ಟು ತಾಗಿದ ಕಡೆ ಮಾತ್ರ ಕೆಟ್ಟಿದೆ. ಹೊಟ್ಟು ತೇವ ಹಿಡಿಯುತ್ತೆ ಅಲ್ವಾ. ಬಾಗಿಲಿನ ಕೆಳ ಅಂಚನ್ನು ಹೆಬ್ಬೆರಳಿಂದ ಒತ್ತಿದೆ, ಹಪ್ಪಳದ ಹಂಗೆ ಮುರಿದು ಕೈಗೆ ಬಂತು.

ಆಮೇಲೆ ಎರಡು ಸಂಗತಿ ಕಣ್ಣಿಗೆ ಬಿತ್ತು.

ಒಂದು, ಗಾಡಿ ಗಾಲಿಯ ಮೇಲೆ ನಿಂತಿರಲಿಲ್ಲ. ಕೆಳಗೆ ನಾಲ್ಕು ಕಡೆ ಹಾಸುಗಲ್ಲು ಪೇರಿಸಿ, ಟೈರು ನೆಲಕ್ಕೆ ತಾಗದ ಹಾಗೆ ಎತ್ತಿ ಇಟ್ಟಿದ್ದರು. ಬ್ಯಾಟರಿ ತೆಗೆದಿದ್ದರು. ಬಿಸಾಕಿದ ಗಾಡಿಗೆ ಯಾರೂ ಇಷ್ಟು ಮಾಡೋದಿಲ್ಲ.

ಎರಡು, ಹೊದಿಕೆಯ ಮೇಲಿನ ಪದರ. ಅವು ಯೂರಿಯಾ ಚೀಲಗಳು. ಬೇವು ಲೇಪಿತ ಅಂತ ಪ್ರಿಂಟ್ ಇತ್ತು. ನನ್ನ ಅಂಗಡಿಯ ಪಕ್ಕದಲ್ಲೇ ಗೊಬ್ಬರದ ಅಂಗಡಿ ಇದೆ, ನನಗೆ ಇದು ಗೊತ್ತು. ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆ ಹಚ್ಚಲೇಬೇಕು ಅಂತ ಆಗಿದ್ದು 2015ರಲ್ಲಿ. ಐವತ್ತು ವರ್ಷದಿಂದ ಯಾರೂ ಮುಟ್ಟದ ಕಾರಿಗೆ ಮೊನ್ನೆ ಮೊನ್ನೆಯ ಚೀಲ ಯಾರು ಹೊಲಿದರು?

ಮಾಮಾನ ಮುಖ ನೋಡಿದೆ. ಅವರು ಬೇವಿನ ಗಿಡ ನೋಡುತ್ತಿದ್ದರು.

"ಮಾಮಾ, ಮರತೀನಿ ಅಂದಿರಲ್ರಿ?"

"ಮರತೀನಿ ಅಂತ ಎಲ್ಲಿ ಅಂದೆ? ಗೊತ್ತಿಲ್ಲ ಅಂದೆ."

ಉಳಿದದ್ದನ್ನ ಹೇಳಿದ್ದು ನಮ್ಮವ್ವ. ಅವತ್ತು ಸಂಜೆ ಮನೆಗೆ ಹೋಗಿ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಹಂದಿ ಮೋಟಾರು" ಅಂದಳು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಅದರಲ್ಲೇ ಹೋಗುತ್ತಿದ್ದರಂತೆ. ಹಿಂದೆ ಆರು ಮಂದಿ ಹುಡುಗರು, ಮುಂದೆ ಆಯಿ. ಬಾಗಿಲು ತಿರುವುಮುರುವು ಇದ್ದದ್ದರಿಂದ ಸೀರೆ ಉಟ್ಟವರಿಗೆ ಹತ್ತೋದು ಸುಲಭ ಆಗುತ್ತಿತ್ತಂತೆ. ಮೊದಲು ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಂಡರೆ ಮುಗೀತು. ಆದರೆ ಬಾಗಿಲು ಸರಿಯಾಗಿ ಬೀಳದಿದ್ದರೆ ಗಾಳಿಗೆ ಪೂರ್ತಿ ತೆರೆದುಕೊಳ್ಳುವ ಭಯ. ಅದಕ್ಕೇ ಆಯಿ ದಾರಿಯುದ್ದಕ್ಕೂ ಹಿಡಿಕೆ ಹಿಡಿದೇ ಕೂತಿರುತ್ತಿದ್ದಳಂತೆ.

ಕಾರಿಗೆ ದುಡ್ಡು ಹಾಕಿದ್ದು ನಮ್ಮ ಮುತ್ಯಾ, ಅವ್ವನ ಅಪ್ಪ. ಆದರೆ ಮುತ್ಯಾಗೆ ನಡೆಸೋಕೆ ಬರುತ್ತಿರಲಿಲ್ಲ. ನಡೆಸಿದ್ದು, ತೊಳೆದದ್ದು, ಕೆಟ್ಟಾಗ ಕೆಳಗೆ ಮಲಗಿದ್ದು ಎಲ್ಲ ಅವರ ತಮ್ಮ, ನಮ್ಮ ಸಣ್ಣ ಮುತ್ಯಾ. 1972ರ ಬರ ಬಂತು. ಮರುವರ್ಷ ಅರಬ್ ದೇಶಗಳ ಕಡೆಯಿಂದ ತೈಲದ ಬಿಕ್ಕಟ್ಟು, ಪೆಟ್ರೋಲ್ ದರ ಏರಿತು. ಮನೆಯಲ್ಲಿ ದುಡ್ಡಿಲ್ಲದಾಗ ಅಣ್ಣತಮ್ಮಂದಿರಿಗೆ ಹಳೆಯ ಮಾತೆಲ್ಲ ನೆನಪಾಗುತ್ತವೆ. ವಾಟ್ನಿ ಆಯಿತು. ಹೊಲ ಹಂಚಿದರು, ಬಾವಿಯ ನೀರಿಗೆ ಪಾಳಿ ಇಟ್ಟರು, ಎತ್ತು, ಹಂಡೆ, ಕೊಪ್ಪರಿಗೆ, ಎಲ್ಲಕ್ಕೂ ಲೆಕ್ಕ ಹತ್ತಿತು. ಕಾರಿಗೆ ಮಾತ್ರ ಹತ್ತಲಿಲ್ಲ. ದುಡ್ಡು ನಂದು ಅಂತ ಒಬ್ಬರು, ದುಡಿಮೆ ನಂದು ಅಂತ ಇನ್ನೊಬ್ಬರು. ಪಂಚರು ಮಾರಿ ದುಡ್ಡು ಹಂಚಿಕೊಳ್ಳಿ ಅಂದರು. ಇಬ್ಬರೂ ಒಪ್ಪಲಿಲ್ಲ. ಕೊನೆಗೆ ಮುತ್ಯಾ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಣ್ಣ ಮುತ್ಯಾ ಗಾಡಿಯ ಆರ್‌ಸಿ ಪುಸ್ತಕ ಟ್ರಂಕಿನಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಹೋದರು. ತಿರುಗಿ ಬರಲಿಲ್ಲ.

"ಕಲ್ಲಿನ ಮ್ಯಾಲೆ ಎತ್ತಿ ಇಟ್ಟವರು ಯಾರು?" ಅಂತ ಕೇಳಿದೆ.

"ಸಣ್ಣ ಕಾಕಾನ. ಹೋಗೂ ಮುಂಜಾನಿ. ಟೈರ್ ಕೆಡಬಾರದು ಅಂತ."

ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನೊಬ್ಬನೇ ದೊಡ್ಡ ಶೋಧ ಮಾಡಿದವನ ಹಂಗೆ ಫೋಟೊ ಕಳಿಸುತ್ತಿದ್ದೆ.

ಮುಂದಿನ ವಾರ ಚಾಚಾ ಬಂದರು. ಬರುವಾಗಲೇ ಒಬ್ಬ ಮೋಡಕಾದವನೂ, ಅಂದರೆ ಗುಜರಿಯವನೂ, ಗಾಳಿ ಹಿಡಿದು ಬಂದಿದ್ದ, ಕಿಲೋ ಲೆಕ್ಕದಲ್ಲಿ ಕೇಳಿದ. ಸೊಲ್ಲಾಪುರದ ಕಡೆ ಮೋಡಕಾಕ್ಕೆ ಭಂಗಾರ ಅಂತಾರೆ. "ನಿನಗ ಇದು ಭಂಗಾರ, ನಮಗ ಬಂಗಾರ, ಹೋಗು" ಅಂದು ಚಾಚಾ ಅವನನ್ನ ಕಳಿಸಿದರು.

ಎಂಜಿನ್ ಜಾಮ್ ಆಗಿತ್ತು. ಚಾಚಾ ಅವಸರ ಮಾಡಲಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎಂಜಿನ್ ಆಯಿಲ್, ಡೀಸೆಲ್ ಕೂಡಿಸಿ ಬಿಟ್ಟು, ಚಿಂದಿ ತುರುಕಿ, "ಎಂಟು ದಿನ ಯಾರೂ ಮುಟ್ಟಬ್ಯಾಡ್ರಿ" ಅಂತ ಚಾ ಕುಡಿದು ಹೋದರು. ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಇತ್ತು, ಜೇನುತುಪ್ಪದ ಹಂಗೆ ಗಟ್ಟಿ, ಬಣ್ಣದ ಡಬ್ಬಿಯ ವಾಸನೆ.

ಎಂಟು ದಿನ ಬಿಟ್ಟು ಬಂದು ಮಾಡಿದ ಕೆಲಸ ನನಗೆ ಬಹಳ ಇಷ್ಟ ಆಯಿತು. ಬ್ಯಾಟರಿ ಹಚ್ಚಲಿಲ್ಲ. ಗಾಡಿ ಕಲ್ಲಿನ ಮೇಲೇ ಇತ್ತಲ್ಲ, ಟಾಪ್ ಗೇರಿಗೆ ಹಾಕಿ, ಹಿಂದಿನ ಎರಡು ಗಾಲಿಗೆ ಇಬ್ಬರನ್ನ ನಿಲ್ಲಿಸಿದರು. ಒಂದೇ ಗಾಲಿ ತಿರುಗಿಸಿದರೆ ಇನ್ನೊಂದು ಸುಮ್ನೆ ಉಲ್ಟಾ ತಿರುಗುತ್ತೆ, ಎಂಜಿನ್‌ಗೆ ಏನೂ ಮುಟ್ಟಲ್ಲ. ಇಬ್ಬರೂ ಒಂದೇ ಸಲ, ಒಂದೇ ಕಡೆಗೆ ತಿರುಗಿಸಬೇಕು. ಆಗ ಜೋರು ಗಾಲಿಯಿಂದ ಎಂಜಿನ್‌ಗೆ ಹೋಗುತ್ತೆ. ನಾನು ಒಂದು ಕಡೆ, ಮಾಮಾ ಇನ್ನೊಂದು ಕಡೆ. ಮೂರು ಸಲ ಏನೂ ಆಗಲಿಲ್ಲ. ನಾಲ್ಕನೇ ಸಲ ಒಳಗೆಲ್ಲೋ "ಕಟ್" ಅಂತು. ಗಾಲಿ ಒಂದು ಗೇಣು ತಿರುಗಿತು. ಮುಂದೆ ನಿಂತಿದ್ದ ಚಾಚಾ ಫ್ಯಾನ್ ನೋಡಿ ಕೈ ಎತ್ತಿದರು. ಫ್ಯಾನೂ ತಿರುಗಿತ್ತು.

ಚಾಲು ಆಗೋಕೆ ಇನ್ನೂ ಆರು ತಿಂಗಳು ಬೇಕು ಅಂತಾರೆ ಚಾಚಾ. ಪದ್ಮಿನಿಯ ಕೆಲವು ಸಾಮಾನು ಹೊಂದುತ್ತವಂತೆ.

ತೊಡಕು ಇರೋದು ಕಾಗದದ್ದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ಮಾಡಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪ ಕೆಡಿಸಿರಬಾರದು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ. ಆಮೇಲೆ ಮತ್ತೆ ಮಾಡಿಸಿದರೆ 5,000. ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಷ್ಟಕ್ಕೇ. ಹಳೆಯ ನಂಬರ್ ಇದ್ದರೆ ಅದನ್ನೇ ಇಟ್ಟುಕೊಳ್ಳಬಹುದು. ಆದರೆ ಇಲ್ಲಿ ಮೊದಲೇ ನೋಂದಣಿ ಆದ ಗಾಡಿಗೆ ಹಳೆಯ ಆರ್‌ಸಿ ಬೇಕು.

ಇದನ್ನೆಲ್ಲ ಮೊಬೈಲಿನಲ್ಲಿ ಓದಿ ಹೇಳಿದೆ. ಮಾಮಾ ಸುಮ್ಮನೆ ಕೂತರು. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ ಬಂತು. ಅರ್ಧ ರೊಟ್ಟಿ ತಿಂದು, ಕೈ ತೊಳೆದು, ಯಾರದೋ ಕಡೆಯಿಂದ ನಂಬರ್ ತೆಗೆದುಕೊಂಡು ಸೊಲ್ಲಾಪುರಕ್ಕೆ ಫೋನ್ ಹಚ್ಚಿದರು. ಸ್ಪೀಕರಿಗೆ ಹಾಕೋದು ಅವರಿಗೆ ಗೊತ್ತಿಲ್ಲ, ನಾನೇ ಒತ್ತಿದೆ.

"ಅಣ್ಣಾ, ನಾನು."

ಆ ಕಡೆ ಸಣ್ಣ ಮುತ್ಯಾನ ಮಗ. ಐವತ್ತು ವರ್ಷದಲ್ಲಿ ಇಬ್ಬರೂ ಮದುವೆ-ಮುಂಜಿಯಲ್ಲಿ ದೂರದಿಂದ ನೋಡಿದ್ದು ಬಿಟ್ಟರೆ ಮಾತಿಲ್ಲ. ಸ್ವಲ್ಪ ಹೊತ್ತು ಬರೇ ಸೊಲ್ಲಾಪುರದ ರಸ್ತೆಯ ಹಾರ್ನ್ ಕೇಳಿಸಿತು.

"ಹಂದಿ ತಗದ್ರ್ಯಾ?" ಅಂದರು ಅವರು.

"ತಗದೀವಿ. ನಿನಗ ಯಾರು ಹೇಳಿದ್ರು?"

"ಊರಾಗ ಯಾರು ಹೇಳಂಗಿಲ್ಲ? ಪುಸ್ತಕ ಐತಿ. ಅಪ್ಪನ ಟ್ರಂಕಿನ್ಯಾಗ. ಡಿಕ್ಕಿ ತಗದೀರೇನು?"

"ಇಲ್ಲ. ಕೀಲಿ ಹಿಡದೈತಿ."

"ತಗೀಬ್ಯಾಡ್ರಿ. ನಾ ಬರ್ತೀನಿ."

ಒಳಗೇನಿದೆ ಅಂತ ಅವರೂ ಹೇಳಲಿಲ್ಲ, ಮಾಮಾನೂ ಕೇಳಲಿಲ್ಲ. ಸಣ್ಣ ಕಾಕಾನ ಛತ್ರಿ ಇರಬೇಕು ಅಂತಾಳೆ ಅವ್ವ. ಚಾಚಾ ಡಿಕ್ಕಿಯ ಕೀಲಿಗೆ ಎರಡು ಹನಿ ಎಣ್ಣೆ ಬಿಡೋಕೆ ಹೋದರೆ ಮಾಮಾ ಅಡ್ಡ ನಿಂತರು. ಎಣ್ಣೆ ಬಿಟ್ಟರೇನು ಬಾಗಿಲು ತೆರೆಯುತ್ತಾ ಅಂದರೂ ಕೇಳಲಿಲ್ಲ.

ಅವರು ಬರೋದು ಬರುವ ಅಮಾವಾಸ್ಯೆಗೆ. ಟ್ರಾಕ್ಟರ್ ಮೊನ್ನೆಯೇ ಬಂತು. ಪೂಜೆ ಮಾಡಿ, ನಿಂಬೆಹಣ್ಣು ಹಾಯಿಸಿ, ಬೇವಿನ ಗಿಡದ ಆಚೆ ಬಿಸಿಲಲ್ಲಿ ನಿಲ್ಲಿಸಿದ್ದಾರೆ. ಅದರ ಮೇಲೆ ಮಾಮಾ ಹೊಲಿದ ಯೂರಿಯಾ ಚೀಲದ ಹೊದಿಕೆ ಇದೆ.